ಮಲ್ಬರಿ ಬೀದಿಯ ವರದಿಗಾರ: ಜೇಕಬ್ ರೀಸ್ ವೃತ್ತಿಜೀವನದ ಒಂದು ಪ್ರಕರಣ ಅಧ್ಯಯನ

1946ರಲ್ಲಿ ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯಕ್ಕೆ ಫೋಟೊ ಮುದ್ರಿಸಲು ಬಳಸುವ ಮೂಲ ಫಲಕಗಳಾದ 412 ಗಾಜಿನ ನೆಗೆಟಿವ್‌ಗಳು ಬಂದು ಸೇರಿದವು. ಅವು ಅದುವರೆಗೆ ರಿಚ್ಮಂಡ್ ಹಿಲ್ ಬಡಾವಣೆಯ ಹಳೆಯ ಮನೆಯೊಂದರ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಆ ಮನೆಯಲ್ಲಿ ಬಹುಕಾಲ ಬಾಳಿದ್ದ ಜೇಕಬ್ ರೀಸ್ ತೀರಿಕೊಂಡು ಆಗಲೇ 32 ವರ್ಷಗಳಾಗಿದ್ದವು. ಅಲೆಕ್ಸಾಂಡರ್ ಅಲಾಂಡ್ ಎಂಬ ಛಾಯಾಗ್ರಾಹಕರು ಪಟ್ಟು ಬಿಡದೆ ಕುಟುಂಬದವರ ಬೆನ್ನು ಹತ್ತಿರದಿದ್ದರೆ ಆ ಫಲಕಗಳು ಮನೆಯೊಂದಿಗೇ ಕಾಣೆಯಾಗುತ್ತಿದ್ದವು ಎಂದು ನಂಬಲು ಕಾರಣವಿದೆ. ಬದುಕಿದ್ದಾಗ ರೀಸ್ ಪತ್ರಕರ್ತರೆಂದೂ ಗ್ರಂಥಕರ್ತರೆಂದೂ ಹೆಸರಾಗಿದ್ದರು; ಸತ್ತಾಗ ಅವರನ್ನು ಸಮಾಜ ಸುಧಾರಕರೆಂದು ನೆನೆಯಲಾಯಿತು. 1947ರಲ್ಲಿ ಆ ನೆಗೆಟಿವ್‌ಗಳಿಂದ ಮುದ್ರಿಸಿದ ಚಿತ್ರಗಳ ಪ್ರದರ್ಶನ ನಡೆದ ಮೇಲೆ ಅವರು ದಾಖಲೆ ಛಾಯಾಗ್ರಹಣದ ಮೊದಲಿಗರಲ್ಲಿ ಒಬ್ಬರಾದರು. ಒಂದೇ ನಗರವನ್ನು, ಬಹುಪಾಲು ಒಂದೇ ಬೀದಿಯ ಸುತ್ತಮುತ್ತಲನ್ನು ವರದಿ ಮಾಡುತ್ತ ಕಾಲ ಕಳೆದ ಒಬ್ಬ ವರದಿಗಾರ ಹೀಗೆ ಮೂರು ಬೇರೆ ಬೇರೆ ಹೆಸರುಗಳಿಂದ ಗುರುತಾದದ್ದು ಹೇಗೆ, ಮತ್ತು ಆ ಮೂರು ಕಸುಬುಗಳು ನಿಜಕ್ಕೂ ಮೂರೇ ಆಗಿದ್ದವೇ ಎಂಬುದು ಈ ಅಧ್ಯಯನದ ವಿಷಯ.

ಹಿನ್ನೆಲೆ

ರೀಸ್ ಹುಟ್ಟಿದ್ದು 1849ರ ಮೇ 3ರಂದು, ಡೆನ್ಮಾರ್ಕಿನ ರೀಬೆ ಎಂಬ ಪುರಾತನವಾದ ಸಣ್ಣ ಊರಿನಲ್ಲಿ. ತಂದೆ ಶಾಲಾ ಉಪಾಧ್ಯಾಯರು, ಊರಿನ ಪತ್ರಿಕೆಗೂ ಬರೆಯುತ್ತಿದ್ದವರು. ಮಗ ಓದಿನತ್ತ ಒಲಿಯದೆ ಬಡಗಿ ಕೆಲಸ ಕಲಿತರು. 1870ರಲ್ಲಿ, 21ನೆಯ ವಯಸ್ಸಿನಲ್ಲಿ, ಅವರು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದರು. ಮುಂದಿನ ಮೂರು ವರ್ಷಗಳ ಕತೆ ವಲಸಿಗರ ಸಾಮಾನ್ಯ ಕತೆಯೇ: ಬಡಗಿತನ, ಹೊಲದ ಕೂಲಿ, ಮನೆಮನೆಗೆ ಹೋಗಿ ಸಾಮಾನು ಮಾರುವುದು, ಕೆಲಸವಿಲ್ಲದ ದಿನಗಳಲ್ಲಿ ಉಪವಾಸ. ಅದರಲ್ಲಿ ಒಂದು ರಾತ್ರಿ ಮಾತ್ರ ಮುಂದಿನ ವೃತ್ತಿಗೆ ನೇರವಾಗಿ ತಗುಲಿಕೊಂಡಿದೆ. ಆಗ ನ್ಯೂಯಾರ್ಕಿನ ಪೊಲೀಸ್ ಠಾಣೆಗಳಲ್ಲಿ ನೆಲೆಯಿಲ್ಲದವರು ಬರಿಯ ಹಲಗೆಯ ಮೇಲೆ ಮಲಗುವ ಕೋಣೆಗಳಿರುತ್ತಿದ್ದವು. ಚರ್ಚ್ ಬೀದಿಯ ಠಾಣೆಯಲ್ಲಿ ಹಾಗೆ ತಂಗಿದ್ದ ರೀಸ್ ಅವರ ಕೊರಳಿನ ಚಿನ್ನದ ಪದಕ ಕಳುವಾಯಿತು. ದೂರು ಕೊಡಹೋದವರನ್ನು ಹೊರದಬ್ಬಿದರು. ಅವರ ಬೆನ್ನಿಗೆ ಬಂದಿದ್ದ ಬೀದಿನಾಯಿ ಅವರ ಪರವಾಗಿ ಬೊಗಳಿ ಮೇಲೆರಗಿದಾಗ ಅದನ್ನು ಮೆಟ್ಟಿಲಿಗೆ ಅಪ್ಪಳಿಸಿ ಕೊಂದರು. ಆತ್ಮಕಥೆಯಲ್ಲಿ ರೀಸ್ ಈ ಸಂಗತಿಯನ್ನು ಬರೆದಿರುವ ರೀತಿಯನ್ನು ನೋಡಿದರೆ, ಪದಕದ ನಷ್ಟಕ್ಕಿಂತಲೂ ನಾಯಿಯ ಸಾವೇ ಅವರನ್ನು ಕೊನೆಯವರೆಗೂ ಕಾಡಿತೆನ್ನಬೇಕು.

1873ರಲ್ಲಿ ಅವರಿಗೆ ಒಂದು ಸುದ್ದಿಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಬ್ರೂಕ್ಲಿನ್‌ನ ಸಣ್ಣ ವಾರಪತ್ರಿಕೆಯೊಂದರ ಸಂಪಾದಕರಾದರು, ಅದನ್ನು ಕೊಂಡರು, ಲಾಭಕ್ಕೆ ಮಾರಿದರು. ಅನಂತರ ಸ್ವಲ್ಪ ಕಾಲ ಒಂದು ಮ್ಯಾಜಿಕ್ ಲ್ಯಾಂಟರ್ನ್ (ಗಾಜಿನ ಮೇಲಿನ ಚಿತ್ರವನ್ನು ದೀಪದ ಬೆಳಕಿನಿಂದ ದೊಡ್ಡದಾಗಿ ತೋರಿಸುವ ಯಂತ್ರ) ಕೊಂಡು, ಸಂಜೆಯ ಹೊತ್ತು ಪರದೆಯ ಮೇಲೆ ಚಂದದ ಚಿತ್ರಗಳ ನಡುವೆ ಅಂಗಡಿಗಳ ಜಾಹೀರಾತು ತೋರಿಸಿ ಹೊಟ್ಟೆ ಹೊರೆದರು. ಹೊಟ್ಟೆಪಾಡಿಗಾಗಿ ಕಲಿತ ಈ ಕೈಚಳಕ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಮಲಗಿದ್ದು ಮುಂದೆ ಎಚ್ಚರಗೊಂಡಿತು. 1877ರಲ್ಲಿ ಅವರು ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಪೊಲೀಸ್ ವರದಿಗಾರರಾದರು.

ಪರಿಸ್ಥಿತಿ

ಪೊಲೀಸ್ ಕೇಂದ್ರ ಕಚೇರಿ ಮಲ್ಬರಿ ಬೀದಿಯಲ್ಲಿತ್ತು. ಅದರ ಎದುರಿಗೇ ವರದಿಗಾರರ ಕೋಣೆಗಳು. ಕೊಲೆ, ಬೆಂಕಿ, ಆತ್ಮಹತ್ಯೆ, ಸಾಂಕ್ರಾಮಿಕ ರೋಗ, ಇವೆಲ್ಲ ಮೊದಲು ಬಂದು ಬೀಳುತ್ತಿದ್ದದ್ದು ಅಲ್ಲಿಗೆ. ಅದೇ ಬೀದಿಯಲ್ಲಿ ದಕ್ಷಿಣಕ್ಕೆ ನಡೆದರೆ, ದಾರಿ ಮೊಣಕೈಯಂತೆ ಬಾಗುವ ಜಾಗದಲ್ಲಿ, ಮಲ್ಬರಿ ಬೆಂಡ್ ಎಂಬ ಕೊಳೆಗೇರಿ. ರಾತ್ರಿಪಾಳಿ ಮುಗಿಸಿ ನಸುಕಿನಲ್ಲಿ ಮನೆಗೆ ಹೋಗುತ್ತಿದ್ದ ರೀಸ್ ವರ್ಷಗಟ್ಟಲೆ ಅದರ ನಡುವಿನಿಂದಲೇ ಹಾದುಹೋದರು. ಆರೋಗ್ಯ ಇಲಾಖೆಯ ತಪಾಸಣೆಯವರು ನಡುರಾತ್ರಿ ವಠಾರಗಳ ಬಾಗಿಲು ತಟ್ಟಿ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗಿದ್ದಾರೆಂದು ಎಣಿಸುವಾಗಲೂ ಅವರು ಜೊತೆಗಿರುತ್ತಿದ್ದರು. ಇಲ್ಲಿ ವಠಾರ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ವಠಾರಕ್ಕೆ ನಡುವೆ ಅಂಗಳವೂ ಮೇಲೆ ಆಕಾಶವೂ ಇರುತ್ತವೆ. ನ್ಯೂಯಾರ್ಕಿನ ಈ ಕಟ್ಟಡಗಳಲ್ಲಿ ಐದಾರು ಅಂತಸ್ತುಗಳು ಒಂದರ ಮೇಲೊಂದು ಕೂತಿದ್ದು, ಒಳಗಿನ ಕೋಣೆಗಳಿಗೆ ಕಿಟಕಿಯೇ ಇಲ್ಲದಿರುವುದು ಸಾಮಾನ್ಯವಾಗಿತ್ತು. ಹಗಲಿನಲ್ಲೂ ಕತ್ತಲೆ ತುಂಬಿದ್ದ ಆ ಕೋಣೆಗಳೇ ಈ ಪ್ರಕರಣದ ಕೇಂದ್ರ.

ತಾನು ಕಂಡದ್ದನ್ನು ರೀಸ್ ಹತ್ತು ವರ್ಷ ಬರೆದರು. ಬರೆದದ್ದು ಅಚ್ಚಾಯಿತು, ಆದರೆ ಏನೂ ಆಗಲಿಲ್ಲ. ಅಂಕಿ ಅಂಶಗಳನ್ನು ಕೊಟ್ಟರೆ ಓದುಗ ಮರೆಯುತ್ತಿದ್ದ, ವರ್ಣಿಸಿದರೆ ಉತ್ಪ್ರೇಕ್ಷೆ ಎನ್ನುತ್ತಿದ್ದ. ವೃತ್ತಿಯ ನಡುವಿನಲ್ಲಿ ಬಹಳಷ್ಟು ವರದಿಗಾರರು ಬಂದು ನಿಲ್ಲುವ ಜಾಗವಿದು. ಇಲ್ಲಿಂದ ಹಲವರು ಸಂಪಾದಕರ ಮೇಜಿಗೆ ಏರುತ್ತಾರೆ, ಕೆಲವರು ಕಹಿಯಾಗುತ್ತಾರೆ. ರೀಸ್ ಬೀಟನ್ನು, ಅಂದರೆ ತಮ್ಮ ಪಾಲಿನ ವರದಿಯ ಕ್ಷೇತ್ರವನ್ನು, ಬಿಡಲಿಲ್ಲ, ಸಾಕ್ಷ್ಯದ ಬಗೆಯನ್ನು ಬದಲಾಯಿಸಿದರು.

ಬೆಳಕು

1887ರ ಒಂದು ಬೆಳಗ್ಗೆ ಪತ್ರಿಕೆ ಓದುತ್ತಿದ್ದಾಗ, ಕತ್ತಲೆಯಲ್ಲೂ ಫೋಟೊ ತೆಗೆಯುವ ದಾರಿ ಜರ್ಮನಿಯಲ್ಲಿ ದೊರೆತಿದೆಯೆಂಬ ನಾಲ್ಕು ಸಾಲಿನ ಸುದ್ದಿ ಅವರ ಕಣ್ಣಿಗೆ ಬಿತ್ತು. ಅಡಾಲ್ಫ್ ಮೀಟೆ ಮತ್ತು ಯೋಹಾನೆಸ್ ಗೇಡಿಕೆ ರೂಪಿಸಿದ ಫ್ಲ್ಯಾಷ್ ಪುಡಿ ಅದು: ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಆಂಟಿಮನಿ ಸಲ್ಫೈಡ್ ಬೆರೆಸಿ ಹೊತ್ತಿಸಿದರೆ ಕಣ್ಣು ಕೋರೈಸುವ ಬೆಳಕು ಕ್ಷಣಮಾತ್ರ ಹೊಮ್ಮುತ್ತಿತ್ತು. ಆ ಸುದ್ದಿಯನ್ನು ಸಾವಿರಾರು ಜನ ಓದಿರಬೇಕು. ಆದರೆ ನಡುರಾತ್ರಿಯ ವಠಾರದ ಕೋಣೆ ಕಣ್ಣೊಳಗೆ ತುಂಬಿಕೊಂಡಿದ್ದವನಿಗೆ ಮಾತ್ರ ಅದು ತನಗಾಗಿ ಬಂದ ಸುದ್ದಿ ಎನಿಸಿತು. ಕ್ಯಾಮೆರಾದ ಮೇಲಿನ ಒಲವಿನಿಂದ ರೀಸ್ ಛಾಯಾಗ್ರಹಣಕ್ಕೆ ಬರಲಿಲ್ಲ. ವರದಿಯ ಒಂದು ನಿರ್ದಿಷ್ಟ ಕೊರತೆಯನ್ನು ತುಂಬಲು ಬಂದರು. ಮುಂದಿನದೆಲ್ಲ, ಅವರ ದೋಷಗಳನ್ನೂ ಸೇರಿಸಿ, ಈ ಒಂದು ಸಂಗತಿಯಿಂದ ಹುಟ್ಟಿದವು.

ಆರೋಗ್ಯ ಇಲಾಖೆಯಲ್ಲಿ ಜನನ ಮರಣಗಳ ಲೆಕ್ಕ ನೋಡಿಕೊಳ್ಳುತ್ತಿದ್ದ ಡಾ. ಜಾನ್ ನೇಗಲ್, ರೀಸ್ ಅವರ ಸ್ನೇಹಿತರು, ಹವ್ಯಾಸಿ ಛಾಯಾಗ್ರಾಹಕರು. ಅವರ ಮೂಲಕ ಹೆನ್ರಿ ಪಿಫರ್ಡ್ ಮತ್ತು ರಿಚರ್ಡ್ ಹೋ ಲಾರೆನ್ಸ್ ಎಂಬ ಇನ್ನಿಬ್ಬರು ಹವ್ಯಾಸಿಗಳು ಜೊತೆಯಾದರು. ಈ ತಂಡ, ಕೆಲವೊಮ್ಮೆ ಒಬ್ಬಿಬ್ಬರು ಪೊಲೀಸರೊಂದಿಗೆ, ರಾತ್ರಿ ಹೊತ್ತು ವಠಾರಗಳಿಗೆ ನುಗ್ಗುತ್ತಿತ್ತು. ಆರಂಭದಲ್ಲಿ ಪುಡಿಯನ್ನು ತೋಟಾಗಳಲ್ಲಿ ತುಂಬಿ ಪಿಸ್ತೂಲಿನಂಥ ಸಾಧನದಿಂದ ಹಾರಿಸುತ್ತಿದ್ದರು. ಅಪರಿಚಿತರು ಬಾಗಿಲು ನೂಕಿ ಪಿಸ್ತೂಲು ಎತ್ತಿದರೆ ನಿದ್ದೆಗಣ್ಣಿನಲ್ಲಿರುವ ಬಡವರು ಏನೆಂದುಕೊಂಡಾರು? ಜನ ಕಿಟಕಿಯಿಂದ ಜಿಗಿದು ಓಡಿದ್ದೂ ಉಂಟು. ಅದಕ್ಕಾಗಿ ರೀಸ್ ಮುಂದೆ ಬಾಣಲೆಯ ಮೇಲೆ ಪುಡಿ ಸುರಿದು ಹೊತ್ತಿಸತೊಡಗಿದರು. ಬಾಣಲೆ ಮನೆಯ ವಸ್ತು, ನೋಡಿದರೆ ಹೆದರಿಕೆಯಾಗದು ಎಂಬುದು ಅವರ ತರ್ಕ. ಹೆದರಿಕೆ ಕಡಿಮೆಯಾಯಿತೋ ಏನೋ, ಅಪಾಯವಂತೂ ಕಡಿಮೆಯಾಗಲಿಲ್ಲ. ಎರಡು ಸಲ ಅವರು ತಾವಿದ್ದ ಮನೆಗೇ ಬೆಂಕಿ ಹಚ್ಚಿದರು, ಒಮ್ಮೆ ತಮಗೇ. ಅಂಧ ಭಿಕ್ಷುಕರು ವಾಸವಿದ್ದ ಒಂದು ವಠಾರದಲ್ಲಿ ಗೋಡೆಗೆ ತೂಗುಹಾಕಿದ್ದ ಬಟ್ಟೆಗಳು ಹೊತ್ತಿಕೊಂಡಾಗ, ಕಣ್ಣು ಕಾಣದ ಐದಾರು ಜನರನ್ನು ಕಿರಿದಾದ ಮೆಟ್ಟಿಲುಗಳಿಂದ ಹೊರತರುವುದು ಹೇಗೆಂದು ತಿಳಿಯದೆ ರೀಸ್ ಒಬ್ಬರೇ ಸದ್ದಿಲ್ಲದೆ ಬೆಂಕಿ ನಂದಿಸಿದರು. ಬೀದಿಗೆ ಬಂದು ಪೊಲೀಸನಿಗೆ ಹೇಳಿದರೆ ಆತ ನಕ್ಕುಬಿಟ್ಟ: ಆ ಮನೆ ಹಿಂದಿನ ಚಳಿಗಾಲದಲ್ಲೇ ಆರು ಸಲ ಹೊತ್ತಿಕೊಂಡಿತ್ತಂತೆ, ಗೋಡೆಯ ಕೊಳೆ ಎಷ್ಟು ದಪ್ಪವೆಂದರೆ ಬೆಂಕಿಯೇ ಉಸಿರುಗಟ್ಟಿ ಆರಿಹೋಗುತ್ತಿತ್ತಂತೆ.

ಹವ್ಯಾಸಿ ಮಿತ್ರರಿಗೆ ನಡುರಾತ್ರಿಯ ಈ ಓಡಾಟ ಬಲುಬೇಗ ಸಾಕಾಯಿತು. ಹಣ ಕೊಟ್ಟು ನೇಮಿಸಿಕೊಂಡ ವೃತ್ತಿಪರರೂ ನಿಲ್ಲಲಿಲ್ಲ. ಕಡೆಗೆ 1888ರ ಜನವರಿಯಲ್ಲಿ ರೀಸ್ 25 ಡಾಲರ್ ಕೊಟ್ಟು ತಾವೇ ಒಂದು ಪೆಟ್ಟಿಗೆ ಕ್ಯಾಮೆರಾ ಕೊಂಡರು. ಅದನ್ನು ಪಳಗಿಸಿಕೊಳ್ಳಲು ಅವರು ಹೋದದ್ದು ಹಾರ್ಟ್ ದ್ವೀಪದ ಅನಾಥ ಶವಗಳ ಸಮಾಧಿ ನೆಲಕ್ಕೆ. ಅಲ್ಲಿ ಪ್ಲೇಟಿಗೆ ಮಿತಿಮೀರಿ ಬೆಳಕು ತಾಗಿಸಿ ಚಿತ್ರವನ್ನು ಬಹುಮಟ್ಟಿಗೆ ಕೆಡಿಸಿದರು. ಮಬ್ಬಾಗಿ ಮೂಡಿದ ಆ ಚಿತ್ರ ಜಾಗದ ವಿಷಾದಕ್ಕೆ ಇನ್ನಷ್ಟು ಒಪ್ಪಿತೆಂದು ಆಮೇಲೆ ತಮ್ಮನ್ನೇ ಗೇಲಿ ಮಾಡಿಕೊಂಡರು.

ಅಚ್ಚಿನ ಮಿತಿ

ಫೋಟೊ ತೆಗೆಯುವುದು ಒಂದು ಮಾತು, ಅದನ್ನು ಓದುಗನ ಕೈಗೆ ಮುಟ್ಟಿಸುವುದು ಇನ್ನೊಂದು. ಫೋಟೊವನ್ನು ಚುಕ್ಕೆಗಳಾಗಿ ಒಡೆದು ಅಚ್ಚುಹಾಕುವ ಹಾಫ್‌ಟೋನ್ ವಿಧಾನ 1880ರಲ್ಲೇ ನ್ಯೂಯಾರ್ಕಿನ ಒಂದು ದಿನಪತ್ರಿಕೆಯಲ್ಲಿ ಕಾಣಿಸಿಕೊಂಡಿದ್ದರೂ, ದಿನಪತ್ರಿಕೆಗಳ ವೇಗದ ಮುದ್ರಣಯಂತ್ರಗಳಿಗೆ ಅದು ಒಗ್ಗಿರಲಿಲ್ಲ. ಆದ್ದರಿಂದ 1888ರ ಫೆಬ್ರವರಿ 12ರಂದು ದಿ ಸನ್ ಪತ್ರಿಕೆ ರೀಸ್ ಅವರ ರಾತ್ರಿಯಾತ್ರೆಯ ಬಗೆಗೆ ದೀರ್ಘ ಲೇಖನ ಪ್ರಕಟಿಸಿದಾಗ, ಅದರ ಜೊತೆಗಿದ್ದ 12 ಚಿತ್ರಗಳೂ ಫೋಟೊ ನೋಡಿ ಬಿಡಿಸಿದ ರೇಖಾಚಿತ್ರಗಳೇ ಆಗಿದ್ದವು. ಯಾವ ಸಾಕ್ಷ್ಯಕ್ಕಾಗಿ ಪ್ರಾಣ ಪಣಕ್ಕಿಟ್ಟಿದ್ದರೋ ಆ ಸಾಕ್ಷ್ಯ ಅಚ್ಚಿಗೆ ಬರುವ ದಾರಿಯಲ್ಲೇ ಕಲಾವಿದನೊಬ್ಬನ ಅನಿಸಿಕೆಯಾಗಿ ಮಾರ್ಪಡುತ್ತಿತ್ತು. ಕೋಣೆಯ ಮೂಲೆಯ ಕಸ, ಮುಖದ ದಣಿವು, ಬೆಳಕಿಗೆ ಬೆಚ್ಚಿದ ಕಣ್ಣು, ಇಂಥವೆಲ್ಲ ಗೆರೆಗಳಲ್ಲಿ ಸೋರಿಹೋಗುತ್ತಿದ್ದವು.

ಇಲ್ಲಿ ಹಳೆಯ ಮ್ಯಾಜಿಕ್ ಲ್ಯಾಂಟರ್ನ್ ನೆರವಿಗೆ ಬಂತು. 1888ರ ಜನವರಿ 25ರಂದು ಹವ್ಯಾಸಿ ಛಾಯಾಗ್ರಾಹಕರ ಸಂಘದಲ್ಲಿ ರೀಸ್ ತಮ್ಮ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತ ಮಾತನಾಡಿದರು. ಆಮೇಲೆ ಈ ಉಪನ್ಯಾಸವನ್ನು ಅವರು ಚರ್ಚುಗಳಲ್ಲಿ, ಸಭಾಂಗಣಗಳಲ್ಲಿ ಜೀವನದ ಕೊನೆಯ ವರ್ಷಗಳವರೆಗೂ ನೀಡಿದರು. ಅವರ ಫೋಟೊಗಳು ಫೋಟೊಗಳಾಗಿಯೇ ಜನರ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಈ ಕತ್ತಲೆಯ ಸಭಾಂಗಣಗಳಲ್ಲಿ. ಉಪನ್ಯಾಸದಿಂದ ಸ್ಕ್ರಿಬ್ನರ್ಸ್ ಮಾಸಪತ್ರಿಕೆಯ 1889ರ ಡಿಸೆಂಬರ್ ಸಂಚಿಕೆಯ ಲೇಖನ ಹುಟ್ಟಿತು, ಆ ಲೇಖನ ಬೆಳೆದು 1890ರ ನವೆಂಬರಿನಲ್ಲಿ ‘ಹೌ ದಿ ಅದರ್ ಹಾಫ್ ಲಿವ್ಸ್’ ಎಂಬ ಪುಸ್ತಕವಾಯಿತು. ಹಗಲು ವರದಿ, ರಾತ್ರಿ ಪುಸ್ತಕ ಎಂದು ಅವರು ದುಡಿದರು. ಅದರಲ್ಲಿ 17 ಹಾಫ್‌ಟೋನ್ ಚಿತ್ರಗಳೂ ಅಷ್ಟೇ ಪ್ರಮಾಣದ ರೇಖಾಚಿತ್ರಗಳೂ ಇದ್ದವು. ಹಾಫ್‌ಟೋನ್‌ಗಳು ಮಸುಕಾಗಿದ್ದವು ನಿಜ. ಆದರೂ ಫೋಟೊಗಳನ್ನು ಇಷ್ಟು ಸಂಖ್ಯೆಯಲ್ಲಿ ವಾದದ ಆಧಾರವಾಗಿಯೇ ಇಟ್ಟುಕೊಂಡ ಪುಸ್ತಕಗಳು ಅದಕ್ಕೆ ಮೊದಲು ವಿರಳ.

ಮೂರು ಕಸುಬುಗಳು ಒಂದಾದ ವಾರ

ರೀಸ್ ಕುರಿತು ಬರೆಯುವವರು ಸಾಮಾನ್ಯವಾಗಿ ಪುಸ್ತಕದಲ್ಲೇ ನಿಲ್ಲುತ್ತಾರೆ. ನನ್ನ ದೃಷ್ಟಿಯಲ್ಲಿ ಅವರ ವೃತ್ತಿಯ ಸಾರ ಇನ್ನೂ ಚೆನ್ನಾಗಿ ಕಾಣುವುದು ಮರುವರ್ಷದ ನೀರಿನ ಪ್ರಕರಣದಲ್ಲಿ. 1890ರಲ್ಲಿ ಅವರು ದಿ ಈವ್ನಿಂಗ್ ಸನ್ ಪತ್ರಿಕೆಗೆ ಬಂದಿದ್ದರು, ಬೀಟ್ ಅದೇ ಮಲ್ಬರಿ ಬೀದಿ. 1891ರ ಬೇಸಿಗೆಯಲ್ಲಿ ಆರೋಗ್ಯ ಇಲಾಖೆಯ ವಾರದ ಪ್ರಕಟಣೆಯನ್ನು ಓದುತ್ತಿದ್ದಾಗ, ನಗರಕ್ಕೆ ಬರುವ ಕ್ರೋಟನ್ ನದಿಯ ನೀರಿನಲ್ಲಿ ನೈಟ್ರೈಟಿನ ಸುಳಿವು ಇದೆಯೆಂಬ ಒಂದು ಪುಟ್ಟ ನಮೂದು ಅವರ ಗಮನ ಸೆಳೆಯಿತು. ಉಳಿದ ವರದಿಗಾರರೂ ಅದೇ ಹಾಳೆಯನ್ನು ಓದಿದ್ದರು. ರೀಸ್ ಹೋಗಿ, ಅದರ ಅರ್ಥವೇನೆಂದು ಕೇಳಿದರು. ನೀರಿಗೆ ಎಲ್ಲೋ ಕೊಳಚೆ ಸೇರುತ್ತಿರುವುದರ ಗುರುತು ಅದೆಂದು ತಿಳಿಯಿತು. ಕಾಲರಾ ರೋಗಾಣು ಹರಿಯುವ ನೀರಿನಲ್ಲಿ ಎಷ್ಟು ದಿನ ಬದುಕಬಲ್ಲದೆಂದು ವೈದ್ಯರನ್ನು ವಿಚಾರಿಸಿದಾಗ, ಏಳು ದಿನದವರೆಗೂ ಇರಬಹುದೆಂಬ ಉತ್ತರ ಸಿಕ್ಕಿತು.

ಅವರು ಕ್ಯಾಮೆರಾ ಹೊತ್ತು ಕ್ರೋಟನ್ ಜಲಾನಯನ ಪ್ರದೇಶಕ್ಕೆ ಹೊರಟರು. ಸುಮಾರು ಒಂದು ವಾರ ಹೊಳೆಗಳ ಜಾಡು ಹಿಡಿದು ನಡೆದು, ಯಾವ ಊರಿನ ಚರಂಡಿ ಎಲ್ಲಿ ಹೊಳೆಗೆ ಸೇರುತ್ತದೆ, ಕಸದ ರಾಶಿ ಎಲ್ಲಿ ದಡದಲ್ಲಿದೆ ಎಂಬುದನ್ನು ಒಂದೊಂದಾಗಿ ಚಿತ್ರಕ್ಕಿಳಿಸಿದರು. ಆಗಸ್ಟ್ 21ರಂದು ಲೇಖನ ಪ್ರಕಟವಾಯಿತು. ಮೊದಲು ಅಲ್ಲಗಳೆದ ನಗರಾಡಳಿತ, ತನ್ನದೇ ಪರಿಶೀಲನೆಯ ಬಳಿಕ ಹತ್ತು ಲಕ್ಷ ಡಾಲರಿಗೂ ಮೀರಿದ ವೆಚ್ಚದಲ್ಲಿ ಹೊಳೆದಂಡೆಯ ಜಮೀನನ್ನು ಕೊಂಡು ಕೊಳಕಿನ ಮೂಲಗಳನ್ನು ತೆರವು ಮಾಡಿಸಿತು. ಮರುವರ್ಷ ಹ್ಯಾಂಬರ್ಗಿನಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತೆಂಬುದನ್ನು ನೆನೆದರೆ, ಇಲಾಖೆಯ ಹಾಳೆಯಲ್ಲಿದ್ದ ಆ ಒಂದು ಸಾಲಿನ ತೂಕ ತಿಳಿಯುತ್ತದೆ. ಈ ಚಿತ್ರಗಳಲ್ಲಿ ಯಾರ ಮುಖವೂ ಮುಖ್ಯವಲ್ಲ, ಇವು ಪ್ರದರ್ಶನಗಳಲ್ಲಿ ತೂಗುವ ಚಿತ್ರಗಳೂ ಅಲ್ಲ. ಆದರೆ ದಾಖಲೆಯ ಹಾಳೆ ಓದಬಲ್ಲ ವರದಿಗಾರ, ಅದನ್ನು ಕತೆಯಾಗಿ ಕಟ್ಟಬಲ್ಲ ಬರಹಗಾರ, ಅದನ್ನು ಅಲ್ಲಗಳೆಯಲಾಗದಂತೆ ತೋರಿಸಬಲ್ಲ ಛಾಯಾಗ್ರಾಹಕ, ಇವರು ಮೂವರಲ್ಲ ಒಬ್ಬರೇ ಎಂಬುದು ಆ ವಾರದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಪರಿಣಾಮ, ಮತ್ತು ಅದರ ಅಳತೆ

ಪುಸ್ತಕ ಓದಿ ಮೆಚ್ಚಿದ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್, ಅದನ್ನು ಓದಿದ್ದೇನೆ, ನೆರವಾಗಲು ಬಂದಿದ್ದೇನೆ ಎಂದು ಚೀಟಿ ಬರೆದಿಟ್ಟು ಹೋದರೆಂದು ರೀಸ್ ಹೇಳಿಕೊಂಡಿದ್ದಾರೆ. 1895ರಲ್ಲಿ ರೂಸ್‌ವೆಲ್ಟ್ ಪೊಲೀಸ್ ಮಂಡಳಿಯ ಅಧ್ಯಕ್ಷರಾದಾಗ ಇಬ್ಬರೂ ರಾತ್ರಿ ಗಸ್ತು ತಿರುಗಿದರು. ಒಂದು ರಾತ್ರಿ ರೀಸ್, ರೂಸ್‌ವೆಲ್ಟ್ ಅವರನ್ನು ಚರ್ಚ್ ಬೀದಿಯ ಠಾಣೆಗೆ ಕರೆದೊಯ್ದು, ಪದಕ ಕಳೆದುಕೊಂಡ ಜಾಗವನ್ನೂ ನಾಯಿ ಸತ್ತ ಮೆಟ್ಟಿಲನ್ನೂ ತೋರಿಸಿದರು. 1896ರ ಫೆಬ್ರವರಿಯಲ್ಲಿ ಠಾಣೆಗಳ ಆ ಕೋಣೆಗಳು ಮುಚ್ಚಿದವು. ಮಲ್ಬರಿ ಬೆಂಡ್ ಕೊಳೆಗೇರಿಯನ್ನು ನಗರ ಕೊಂಡು ಕೆಡವಿತು. 1897ರ ಜೂನ್‌ನಲ್ಲಿ ಅಲ್ಲಿ ಉದ್ಯಾನ ತೆರೆಯಿತು. ಉದ್ಘಾಟನೆಗೆ ರೀಸ್ ಅವರಿಗೆ ಆಹ್ವಾನವಿರಲಿಲ್ಲ. ಅವರು ಜನರ ನಡುವೆ ನಿಂತು ನೋಡಿ ಬಂದರು.

ಇವನ್ನೆಲ್ಲ ಒಬ್ಬ ವರದಿಗಾರನ ಖಾತೆಗೆ ಬರೆಯುವುದು ತಪ್ಪಾದೀತು. ಸಣ್ಣ ಉದ್ಯಾನಗಳ ಕಾನೂನು ಪುಸ್ತಕಕ್ಕಿಂತ ಮೊದಲೇ, 1887ರಲ್ಲೇ ಬಂದಿತ್ತು. ವಠಾರಗಳಿಗೆ ಕಿಟಕಿ, ಗಾಳಿ, ಶೌಚಾಲಯ ಕಡ್ಡಾಯ ಮಾಡಿದ 1901ರ ಕಾಯಿದೆಯ ಹಿಂದೆ ಲಾರೆನ್ಸ್ ವೈಲರ್ ಅವರಂಥ ಸುಧಾರಕರ ಪಟ್ಟುಬಿಡದ ಶ್ರಮವಿತ್ತು. ಠಾಣೆಯ ಕೋಣೆಗಳು ಮುಚ್ಚಿದ್ದರಿಂದ ಆ ಚಳಿಗಾಲದಲ್ಲಿ ಬೀದಿಗೆ ಬಿದ್ದವರ ಪಾಡೇನಾಯಿತೆಂಬ ಪ್ರಶ್ನೆಯನ್ನೂ ಕೇಳಬೇಕು. ತನ್ನ ಇಪ್ಪತ್ತರ ಹರೆಯದ ಗಾಯ ರೀಸ್ ಅವರಲ್ಲಿ ನ್ಯಾಯದ ತುಡಿತಕ್ಕೆ ಇಂಧನವಾದಂತೆಯೇ, ಬೇರೆಯವರಿಗೆ ಅದೇ ಕೋಣೆ ಕೊನೆಯ ಆಸರೆಯಾಗಿರಬಹುದೆಂಬ ಅರಿವನ್ನು ಮರೆಸಿರಲೂಬಹುದು.

ಬರಹಗಾರ ರೀಸ್ ಅವರನ್ನು ಇಂದು ಓದುವುದು ಸುಲಭವಲ್ಲ. ಇಟಲಿಯವರು, ಯಹೂದಿಗಳು, ಚೀನೀಯರು, ಕಪ್ಪು ಜನರು ಎಂದು ಜನಾಂಗವಾರು ಅಧ್ಯಾಯಗಳನ್ನು ಹಂಚಿ, ಪ್ರತಿಯೊಂದಕ್ಕೂ ಒಂದು ಸ್ವಭಾವ ಅಂಟಿಸುವ ಅವರ ಕ್ರಮ ಆ ಕಾಲದ ಸುಧಾರಕರಲ್ಲಿ ಸಾಮಾನ್ಯವಾಗಿತ್ತೆಂದರೂ, ಚೀನೀಯರನ್ನು ಕುರಿತ ಪುಟಗಳಲ್ಲಿ ಅದು ನೇರ ದ್ವೇಷದ ಮಟ್ಟ ಮುಟ್ಟುತ್ತದೆ. ಸ್ವತಃ ವಲಸಿಗನಾಗಿ ಹಸಿದು ಬೀದಿಯಲ್ಲಿ ಮಲಗಿದವನು ಹೀಗೆ ಬರೆದದ್ದೇಕೆ ಎಂಬುದಕ್ಕೆ ಸುಲಭದ ಉತ್ತರವಿಲ್ಲ. ಛಾಯಾಗ್ರಾಹಕ ರೀಸ್ ಅವರ ಮೇಲಿನ ಆಕ್ಷೇಪಗಳೂ ಕಡಿಮೆಯೇನಲ್ಲ. ಮಲಗಿದ್ದವರ ಅನುಮತಿ ಕೇಳುವ ಮಾತೇ ಇರಲಿಲ್ಲ. ಪುಂಡ ಹುಡುಗರ ಒಂದು ಗುಂಪಿಗೆ ಸಿಗರೇಟು ಕೊಟ್ಟು ಚಿತ್ರಕ್ಕೆ ನಿಲ್ಲಿಸಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಬೀದಿ ಮಕ್ಕಳು ಮೆಟ್ಟಿಲ ಕೆಳಗೆ ಒಬ್ಬರಿಗೊಬ್ಬರು ಒರಗಿ ನಿದ್ರಿಸುವ ಪ್ರಸಿದ್ಧ ಚಿತ್ರಗಳು ಹಗಲು ಹೊತ್ತು ಹೇಳಿ ಮಾಡಿಸಿದವೆಂಬಂತೆ ತೋರುತ್ತವೆ. ಆದರೂ ವಿಚಿತ್ರವೆಂದರೆ, ಬರಹದಲ್ಲಿ ಜನಾಂಗದ ಮಾದರಿಗಳಾಗಿ ಕುಗ್ಗಿದ ಜನ ಚಿತ್ರದಲ್ಲಿ ಹಾಗೆ ಕುಗ್ಗುವುದಿಲ್ಲ. ಬೇಯಾರ್ಡ್ ಬೀದಿಯ ಕೋಣೆಯಲ್ಲಿ, ಐದು ಸೆಂಟಿಗೆ ಒಂದು ಜಾಗ ಹಿಡಿದು ಮಲಗಿದ್ದವನೊಬ್ಬ ಫ್ಲ್ಯಾಷಿನ ಬೆಳಕಿಗೆ ತಲೆಯೆತ್ತಿ ನೋಡುವ ನೋಟವನ್ನು ಪುಟದ ಯಾವ ವಾಕ್ಯವೂ ಹಿಡಿದಿಡಲಾರದು.

ಅಟ್ಟದವರೆಗಿನ ದಾರಿ

ಹಾಗಾದರೆ ನೆಗೆಟಿವ್‌ಗಳು ಅಟ್ಟ ಸೇರಿದ್ದೇಕೆ? ರೀಸ್ ತಮ್ಮನ್ನು ಛಾಯಾಗ್ರಾಹಕರೆಂದು ಎಂದೂ ಎಣಿಸಿಕೊಳ್ಳಲಿಲ್ಲ. ಕೈ ಒರಟು, ತಾಳ್ಮೆ ಸಾಲದು ಎಂದು ತಾವೇ ಬರೆದರು. ಹತ್ತು ವರ್ಷಗಳ ಆಚೆಗೆ ಅವರು ಕ್ಯಾಮೆರಾವನ್ನು ಬಹುತೇಕ ಮುಟ್ಟಲೂ ಇಲ್ಲ. ಲ್ಯಾಂಟರ್ನಿಗೆ ಬೇಕಾದ ಸ್ಲೈಡುಗಳು ತಯಾರಾಗಿದ್ದವು, ಪುಸ್ತಕಗಳು ಮಾರಾಟವಾಗುತ್ತಿದ್ದವು, 1901ರಲ್ಲಿ ಆತ್ಮಕಥೆ ಬಂದು ಹೆಸರು ಇನ್ನಷ್ಟು ಹರಡಿತು. ಫಲಕಗಳ ಕೆಲಸ ಅಲ್ಲಿಗೆ ಮುಗಿದಿತ್ತು. ಅವರಿಗೆ ನೆಗೆಟಿವ್ ಎಂದರೆ ವರದಿಗಾರನ ಟಿಪ್ಪಣಿ ಪುಸ್ತಕದಂತೆ. ಬರೆದಾದ ಮೇಲೆ ಅದನ್ನು ಯಾರು ಜೋಪಾನ ಮಾಡುತ್ತಾರೆ? 1914ರ ಮೇ 26ರಂದು ಮ್ಯಾಸಚೂಸೆಟ್ಸಿನ ಬ್ಯಾರಿ ಎಂಬಲ್ಲಿ ಅವರು ತೀರಿಕೊಂಡಾಗ ಫಲಕಗಳನ್ನು ಕೇಳುವವರೂ ಇರಲಿಲ್ಲ.

1947ರ ಪ್ರದರ್ಶನಕ್ಕೆ ಅಲಾಂಡ್ ಆ ಫಲಕಗಳಿಂದ ಹೊಸದಾಗಿ ಮುದ್ರಿಸಿದ ಚಿತ್ರಗಳಲ್ಲಿ, 1890ರ ಮಸುಕು ಹಾಫ್‌ಟೋನ್‌ಗಳಲ್ಲಿ ಕಾಣದ ವಿವರಗಳೆಲ್ಲ ಎದ್ದು ಬಂದವು. ಅವರ ಹೆಸರಿನಲ್ಲಿ ಇಂದು ಅತಿ ಹೆಚ್ಚು ಮರುಮುದ್ರಣವಾಗುವ ಚಿತ್ರಗಳಲ್ಲಿ ಒಂದು ‘ಬ್ಯಾಂಡಿಟ್ಸ್ ರೂಸ್ಟ್’: ಮಲ್ಬರಿ ಬೀದಿಯ ಇಕ್ಕಟ್ಟಿನ ಓಣಿ, ಮೇಲೆ ಒಣಹಾಕಿದ ಬಟ್ಟೆಗಳು, ಎರಡೂ ಬದಿಗೆ ಕ್ಯಾಮೆರಾವನ್ನೇ ದಿಟ್ಟಿಸುವ ಗಂಡಸರು. ಅದು ಹಗಲು ಬೆಳಕಿನ ಚಿತ್ರ, ತಂಡದ ಆರಂಭದ ದಿನಗಳದ್ದು. ಸಂಗ್ರಹಾಲಯದ ದಾಖಲೆಯಲ್ಲಿ ಅಂಥ ಚಿತ್ರಗಳ ಎದುರು ರೀಸ್ ಹೆಸರಿನ ಜೊತೆಗೆ, ಅವರಿಗಾಗಿ ಕ್ಯಾಮೆರಾ ಹಿಡಿದವರೆಂದು, ನಡುರಾತ್ರಿಯ ಓಡಾಟಕ್ಕೆ ಬೇಸತ್ತು ಮನೆಗೆ ಹೋದ ಲಾರೆನ್ಸ್ ಮತ್ತು ಪಿಫರ್ಡ್ ಅವರ ಹೆಸರುಗಳೂ ಇವೆ.